ಹೋದವರೆಲ್ಲ ಮರಳಿ ಬರಬೇಕು: ದಾವಣಗೆರೆ–ಚಿತ್ರದುರ್ಗ ಸೀಮೆಯ ಅಗ್ನಿಶಾಮಕ ಮತ್ತು ಆಂಬುಲೆನ್ಸ್ ತಂಡಗಳ ಮುಂದಾಳುಗಳಿಗೆ ಒಂದು ಮಾರ್ಗದರ್ಶಿ

ಅಗ್ನಿಶಾಮಕ ಠಾಣೆಯಲ್ಲಿ ಒಂದು ಪಾಳಿಯ ಹೊಣೆ ಹೊತ್ತವರು, 108 ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂರುವ ಸಿಬ್ಬಂದಿ, ಗಿರಣಿ ಮತ್ತು ಗೋದಾಮುಗಳಲ್ಲಿ ಸುರಕ್ಷತೆಯ ಉಸ್ತುವಾರಿ ನೋಡುವವರು, ಈ ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ. ಬೆಂಕಿ ಬಿದ್ದಲ್ಲಿ ಎಲ್ಲರಿಗಿಂತ ಮೊದಲು ಒಳಗೆ ನುಗ್ಗುವವನೇ ನಿಜವಾದ ಮುಂದಾಳು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಜನ ಹೊಗಳುವುದೂ ಅವನನ್ನೇ. ಆದರೆ ತಂಡದ ಮುಖ್ಯಸ್ಥ ಒಳಗೆ ಹೋದ ಗಳಿಗೆಯಿಂದ ಹೊರಗೆ ನಿಂತು ಇಡೀ ಘಟನೆಯನ್ನು ನೋಡುವ ಕಣ್ಣು ಇಲ್ಲವಾಗುತ್ತದೆ. ಯಾರು ಎಲ್ಲಿದ್ದಾರೆ, ಯಾರ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ, ಗೋಡೆ ಯಾವ ಕಡೆಗೆ ವಾಲುತ್ತಿದೆ ಎಂದು ಹೇಳಬಲ್ಲವರು ಯಾರೂ ಉಳಿಯುವುದಿಲ್ಲ. ಮುಖ್ಯಸ್ಥನ ಜಾಗ ಹೊರಗೆ. ಕರೆಗೆ ಹೋದ ಪ್ರತಿಯೊಬ್ಬರೂ ಠಾಣೆಗೆ ಮರಳುವಂತೆ ನೋಡಿಕೊಳ್ಳುವುದೇ ಅವನ ಮೊದಲ ಕರ್ತವ್ಯ. ಹೊಸ ವಾಹನ, ಹೊಸ ಉಪಕರಣ, ಹೊಸ ತರಬೇತಿ ಇವೆಲ್ಲವನ್ನೂ ಈ ಒಂದು ಅಳತೆಗೋಲಿನಿಂದಲೇ ಅಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಹೆಜ್ಜೆಗಳೆಲ್ಲ ಅದರ ಮೇಲೆಯೇ ನಿಂತಿವೆ.

ಮೊದಲ ಹೆಜ್ಜೆ: ಕರೆ ಬರುವ ಮೊದಲೇ ನಿಮ್ಮ ಸೀಮೆಯನ್ನು ನಡೆದು ನೋಡಿ

ಪ್ರತಿ ಪಾಳಿಯವರೂ ವಾರಕ್ಕೆ ಒಂದು ಜಾಗಕ್ಕೆ ಭೇಟಿ ಕೊಡುವ ರೂಢಿಯನ್ನು ಇಟ್ಟುಕೊಳ್ಳಬೇಕು. ಇದು ತಪಾಸಣೆಯಲ್ಲ, ನೋಟಿಸು ಕೊಡುವ ಉದ್ದೇಶವೂ ಇದಕ್ಕಿಲ್ಲ. ಇದು ಪರಿಚಯದ ಭೇಟಿ ಎಂಬುದನ್ನು ಮಾಲೀಕರಿಗೆ ಮೊದಲೇ ತಿಳಿಸಿದರೆ ಬಾಗಿಲು ಸುಲಭವಾಗಿ ತೆರೆಯುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನೇ ತೆಗೆದುಕೊಳ್ಳಿ. ಒಳಗೆ ಕಾಲಿಟ್ಟರೆ ಗೋಡೆ, ಜಂತಿ, ತಗಡು ಎಲ್ಲವೂ ಮಸಿಯಿಂದ ಕಪ್ಪಾಗಿರುತ್ತವೆ. ಒಂದು ಕಡೆ ಒಲೆಯ ಮೇಲೆ ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿರುತ್ತದೆ, ಕೆಲವೇ ಮಾರು ದೂರದಲ್ಲಿ ಉರುವಲಿಗೆಂದು ತಂದ ಹೊಟ್ಟಿನ ರಾಶಿ ಇರುತ್ತದೆ, ಅದರ ಪಕ್ಕದಲ್ಲೇ ಮಂಡಕ್ಕಿ ತುಂಬಿದ ಚೀಲಗಳು ಸೂರಿನವರೆಗೆ ಏರಿರುತ್ತವೆ. ಮಂಡಕ್ಕಿ ಹಗುರ, ಒಣ, ಒಳಗೆಲ್ಲ ಗಾಳಿ ತುಂಬಿದ ಪದಾರ್ಥ. ಚೀಲಕ್ಕೆ ಕಿಡಿ ತಗುಲಿದರೆ ಬೆಂಕಿ ಅಡಿಯಿಂದ ಮೇಲಕ್ಕೆ ಏರುವುದಕ್ಕೆ ಹೆಚ್ಚು ಹೊತ್ತು ಬೇಡ. ಇಂಥ ಭಟ್ಟಿಗೆ ಭೇಟಿ ಕೊಟ್ಟಾಗ ನಾಲ್ಕು ವಿಷಯಗಳನ್ನು ಬರೆದುಕೊಳ್ಳಿ: ನಿಮ್ಮ ದೊಡ್ಡ ವಾಹನ ಓಣಿಯ ಯಾವ ತಿರುವಿನವರೆಗೆ ಬರಬಲ್ಲದು, ಅಲ್ಲಿಂದ ಒಲೆಯವರೆಗೆ ಎಷ್ಟು ಹೋಸ್ ಪೈಪು ಬೇಕು, ಹಿಂಬಾಗಿಲು ಇದೆಯೇ, ಮತ್ತು ರಾತ್ರಿ ಒಳಗೆ ಮಲಗುವವರು ಯಾರಾದರೂ ಇದ್ದಾರೆಯೇ. ಕೊನೆಯ ಪ್ರಶ್ನೆಯನ್ನು ಮಾಲೀಕರಿಗಷ್ಟೇ ಅಲ್ಲ, ಕೆಲಸಗಾರರಿಗೂ ಕೇಳಿ.

ಹತ್ತಿ ಅಂಡಿಗೆಗಳ ಸ್ವಭಾವವೇ ಬೇರೆ. ಒತ್ತಿ ಕಟ್ಟಿದ ಅಂಡಿಗೆಯ ಮೇಲ್ಮೈ ಬೆಂಕಿ ಆರಿದಂತೆ ಕಂಡರೂ ಒಳಗೆ ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕನಲುತ್ತಿರುತ್ತದೆ. ನೀರು ಹೀರಿದ ಅಂಡಿಗೆ ಉಬ್ಬಿ ಗೋಡೆಯನ್ನು ಹೊರಕ್ಕೆ ತಳ್ಳಬಲ್ಲದು, ಅದರ ಭಾರವೂ ಬಹಳಷ್ಟು ಹೆಚ್ಚುತ್ತದೆ. ಆದ್ದರಿಂದ ಅಂಡಿಗೆಗಳನ್ನು ಒಂದೊಂದಾಗಿ ಬಯಲಿಗೆ ಎಳೆದು ಬಿಚ್ಚಿ ನೆನೆಸುವುದಕ್ಕೆ ಜೆಸಿಬಿ ಎಲ್ಲಿ ಸಿಗುತ್ತದೆ, ಅದರ ಚಾಲಕನ ಫೋನ್ ಸಂಖ್ಯೆ ಯಾವುದು ಎಂಬುದು ಠಾಣೆಯ ಗೋಡೆಯ ಮೇಲೆ ಇರಬೇಕು. ಮೆಕ್ಕೆಜೋಳದ ಗೋದಾಮುಗಳಲ್ಲಿ ಎತ್ತರಕ್ಕೆ ಪೇರಿಸಿದ ಚೀಲಗಳ ಸಾಲು ಕುಸಿಯುವ ಭಯವೂ ಕಾಳಿನ ದೂಳು ಸಿಡಿಯುವ ಭಯವೂ ಇವೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಎಣ್ಣೆಯ ತೊಟ್ಟಿಗೆ ನೇರವಾಗಿ ನೀರು ಹೊಡೆಯುವಂತಿಲ್ಲ. ಒಂದು ಲೀಟರ್ ನೀರು ಆವಿಯಾದಾಗ ಸುಮಾರು 1,700 ಲೀಟರಿನಷ್ಟು ಹಿಗ್ಗುತ್ತದೆ, ಅದು ಕಾದ ಎಣ್ಣೆಯನ್ನು ಎತ್ತಿ ಎಸೆಯುತ್ತದೆ. ಅಲ್ಲಿಗೆ ನೊರೆ ಬೇಕು. ಚಿತ್ರದುರ್ಗದ ಸುತ್ತಮುತ್ತ ಸೌರಫಲಕಗಳಿರುವ ಕಟ್ಟಡಗಳಿಗೆ ಹೋದಾಗ ಒಂದು ಮಾತು ನೆನಪಿರಲಿ: ಮೇನ್ ಸ್ವಿಚ್ ಆರಿಸಿದರೂ ಬಿಸಿಲಿರುವವರೆಗೆ ಫಲಕದಿಂದ ಬರುವ ತಂತಿಯಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ.

ಇದರ ಜೊತೆಗೆ ನೀರಿನ ನಕ್ಷೆಯನ್ನು ಸಿದ್ಧಪಡಿಸಬೇಕು. ಸಾಮಾನ್ಯ ವಾಟರ್ ಟೆಂಡರಿನಲ್ಲಿ, ಅಂದರೆ ನೀರಿನ ಟ್ಯಾಂಕಿರುವ ಅಗ್ನಿಶಾಮಕ ವಾಹನದಲ್ಲಿ, 4,500 ಲೀಟರ್ ನೀರಿರುತ್ತದೆ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 450 ಲೀಟರ್ ಬಿಡುವ ಒಂದು ಬ್ರಾಂಚನ್ನು (ಹೋಸ್ ಪೈಪಿನ ತುದಿಯ ನಳಿಕೆಯನ್ನು) ತೆರೆದರೆ ಅದು ಹತ್ತು ನಿಮಿಷಕ್ಕೆ, ಎರಡನ್ನು ತೆರೆದರೆ ಐದು ನಿಮಿಷಕ್ಕೆ ಖಾಲಿಯಾಗುತ್ತದೆ. ಹನ್ನೊಂದನೆಯ ನಿಮಿಷದ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಠಾಣೆಯಿಂದ ಹೊರಡಬಾರದು. ಕೆರೆ, ಬಾವಿ, ಗಿರಣಿಗಳ ತೊಟ್ಟಿ, ಹರಿಹರದ ಕಡೆ ತುಂಗಭದ್ರೆಯ ದಡಕ್ಕೆ ವಾಹನ ಇಳಿಯಬಹುದಾದ ಜಾಗ, ಎಲ್ಲವನ್ನೂ ಗುರುತಿಸಿ. ಭದ್ರಾ ನಾಲೆಯಲ್ಲಿ ವರ್ಷವಿಡೀ ನೀರು ಹರಿಯುವುದಿಲ್ಲವಾದ್ದರಿಂದ ನಕ್ಷೆಯಲ್ಲಿ ಅದರ ಪಕ್ಕಕ್ಕೆ ತಿಂಗಳುಗಳನ್ನೂ ಬರೆಯಿರಿ. ಪಂಪು ನೀರನ್ನು ಎಳೆಯಬಲ್ಲ ಆಳ ವ್ಯವಹಾರದಲ್ಲಿ ಸುಮಾರು ಏಳು ಮೀಟರ್ ಮಾತ್ರ. ಅದಕ್ಕಿಂತ ಆಳದ ಬಾವಿ ನಕ್ಷೆಯಲ್ಲಿದ್ದರೂ ಕೆಲಸಕ್ಕೆ ಬರುವುದಿಲ್ಲ.

ಎರಡನೆಯ ಹೆಜ್ಜೆ: ಪಾಳಿ ಬದಲಾಗುವಾಗಿನ ಹತ್ತು ನಿಮಿಷಗಳನ್ನು ಬಿಟ್ಟುಕೊಡಬೇಡಿ

ಹಾಜರಿ ಹಾಕಿದ ಕೂಡಲೇ ಚಹಾಕ್ಕೆ ಹೋಗುವ ಮೊದಲು ಉಸಿರಾಟದ ಸಾಧನ, ಅಂದರೆ ಎಲ್ಲರೂ ಬಿ.ಎ. ಸೆಟ್ ಎಂದು ಕರೆಯುವ ಸಾಧನವನ್ನು ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ಪರೀಕ್ಷಿಸಬೇಕು. ಸಿಲಿಂಡರಿನ ಕವಾಟವನ್ನು ಪೂರ್ತಿ ತೆರೆದು ಮಾಪಕ ನೋಡಿ. 300 ಬಾರ್‌ನ ಸಿಲಿಂಡರು ಪೂರ್ತಿ ತುಂಬಿದ್ದನ್ನು ತೋರಿಸಬೇಕು. ಕವಾಟವನ್ನು ಮುಚ್ಚಿ ಒಂದು ನಿಮಿಷ ಕಾಯಿರಿ. ಮುಳ್ಳು ಇಳಿಯತೊಡಗಿದರೆ ಎಲ್ಲೋ ಸೋರಿಕೆಯಿದೆ. ನಂತರ ಗಾಳಿಯನ್ನು ಮೆಲ್ಲಗೆ ಬಿಡುತ್ತ ಹೋಗಿ, ಮುಳ್ಳು 50ರಿಂದ 60 ಬಾರ್ ನಡುವೆ ಬಂದಾಗ ಎಚ್ಚರಿಕೆಯ ಸೀಟಿ ಕೇಳಿಸಬೇಕು. ಮುಖವಾಡವನ್ನು ಹಾಕಿಕೊಂಡು, ಗಾಳಿಯ ಕೊಳವೆಯ ಬಾಯನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದರೆ ಮುಖವಾಡ ಕೆನ್ನೆಗೆ ಅಂಟಬೇಕು. ಗಡ್ಡವಿದ್ದವರಿಗೆ ಅದು ಅಂಟುವುದಿಲ್ಲ. ಇದನ್ನು ಮುಲಾಜಿಲ್ಲದೆ ಹೇಳುವುದು ಮುಖ್ಯಸ್ಥನ ಕೆಲಸ.

ಅದಾದ ಮೇಲೆ ಪಂಪು, ವಾಕಿಟಾಕಿಯ ಬ್ಯಾಟರಿ, ಟಾರ್ಚು, ಹಗ್ಗ, ಹೋಸ್ ಪೈಪುಗಳ ಕೂಡುಕೊಂಡಿ ನೋಡಿ. ಆಂಬುಲೆನ್ಸಿನಲ್ಲಿ ಆಮ್ಲಜನಕದ ಒತ್ತಡ, ಬಾಯಿ–ಗಂಟಲಿನ ದ್ರವ ಹೀರುವ ಸಕ್ಷನ್ ಯಂತ್ರ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿಯ ಬ್ಯಾಟರಿ ಮತ್ತು ಪ್ಯಾಡುಗಳ ಅವಧಿ, ಸ್ಟ್ರೆಚರಿನ ಬೀಗ. ಪರೀಕ್ಷಿಸಿದವರು ಪುಸ್ತಕದಲ್ಲಿ ಸಹಿ ಮಾಡಬೇಕು, ಮತ್ತು ಆ ಸಹಿಯನ್ನು ನೋಡದೆ ಮಾಡುವ ಶಾಸ್ತ್ರವಾಗಿಸದೆ ಮುಖ್ಯಸ್ಥನು ಆಗಾಗ ಒಂದು ಸೆಟ್ಟನ್ನು ತಾನೇ ತೆರೆದು ನೋಡಬೇಕು. ಕೆಟ್ಟದ್ದನ್ನು ಕೆಟ್ಟಿದೆ ಎಂದು ಬರೆದವನಿಗೆ ಬೈಗುಳ ಸಿಗುವ ಠಾಣೆಯಲ್ಲಿ ಎಲ್ಲ ಉಪಕರಣಗಳೂ ಪುಸ್ತಕದಲ್ಲಿ ಸರಿಯಾಗಿಯೇ ಇರುತ್ತವೆ.

ಮೂರನೆಯ ಹೆಜ್ಜೆ: ಸ್ಥಳಕ್ಕೆ ಬಂದ ಮೊದಲ ಎರಡು ನಿಮಿಷ

ವಾಹನ ನಿಂತ ತಕ್ಷಣ ಎಲ್ಲರೂ ಇಳಿದು ಓಡುವುದು ಸಹಜ. ಅದನ್ನು ತಡೆಯಿರಿ. ಮುಖ್ಯಸ್ಥನು ಸಾಧ್ಯವಾದಷ್ಟು ಮಟ್ಟಿಗೆ ಕಟ್ಟಡದ ಸುತ್ತ ಒಂದು ಸುತ್ತು ನಡೆಯಬೇಕು. ಸಾಧ್ಯವಾಗದಿದ್ದರೆ ಕನಿಷ್ಠ ಮೂರು ಮಗ್ಗುಲುಗಳನ್ನು ನೋಡಬೇಕು. ಹೊಗೆಯ ಬಣ್ಣ ಮತ್ತು ವೇಗ, ಗಾಳಿಯ ದಿಕ್ಕು, ವಿದ್ಯುತ್ ತಂತಿ, ಎಲ್‌ಪಿಜಿ ಸಿಲಿಂಡರು, ಗೋಡೆಯ ಬಿರುಕು, ಒಳಗೆ ಸಿಕ್ಕಿಕೊಂಡವರ ಸುಳಿವು. ಹೊಗೆ ದಪ್ಪವಾಗಿ, ಒತ್ತಡದಿಂದ ಉಸಿರಾಡುವಂತೆ ಒಳಗೂ ಹೊರಗೂ ಎಳೆದಾಡುತ್ತಿದ್ದರೆ ಬಾಗಿಲನ್ನು ದಿಢೀರನೆ ತೆರೆಯಬೇಡಿ. ಹೊಸ ಗಾಳಿ ಸಿಕ್ಕ ಕೂಡಲೇ ಕೋಣೆಯೆಲ್ಲ ಒಮ್ಮೆಲೇ ಹೊತ್ತಿಕೊಳ್ಳುವ ಸ್ಥಿತಿ ಅದು. ಬೆಸ್ಕಾಂಗೆ ಕರೆ ಮಾಡಿ ವಿದ್ಯುತ್ ಕಡಿತವಾಗಿದೆ ಎಂಬ ಉತ್ತರ ಬರುವವರೆಗೆ ತಂತಿಯಲ್ಲಿ ವಿದ್ಯುತ್ ಇದೆ ಎಂದೇ ತಿಳಿಯಬೇಕು.

ನಂತರ ವಾಕಿಟಾಕಿಯಲ್ಲಿ ಮೂರು ಮಾತು: ಏನು ಕಾಣುತ್ತಿದೆ, ಏನು ಮಾಡುತ್ತಿದ್ದೇವೆ, ಇನ್ನೇನು ಬೇಕು. "ಒಂದಂತಸ್ತಿನ ಗೋದಾಮು, ಪೂರ್ವ ಭಾಗ ಉರಿಯುತ್ತಿದೆ, ಒಳಗೆ ಯಾರೂ ಇಲ್ಲವೆಂದು ಕಾವಲುಗಾರ ಹೇಳಿದ್ದಾನೆ. ಹೊರಗಿನಿಂದಲೇ ನೀರು ಹೊಡೆಯುತ್ತಿದ್ದೇವೆ. ಇನ್ನೊಂದು ಟೆಂಡರು, ಒಂದು ಆಂಬುಲೆನ್ಸು ಬೇಕು. ಇಲ್ಲಿನ ಹೊಣೆ ನನ್ನದು." ಕೊನೆಯ ಆ ಮೂರು ಪದಗಳನ್ನು ಬಿಡಬಾರದು. ಯಾರ ಮಾತು ಕೇಳಬೇಕೆಂಬುದು ಅಲ್ಲಿಂದ ಎಲ್ಲರಿಗೂ ಸ್ಪಷ್ಟವಾಗುತ್ತದೆ.

ಒಂದೇ ಮುಖ್ಯಸ್ಥನ ಕೈಕೆಳಗೆ ಎಲ್ಲ ಇಲಾಖೆಗಳೂ ದುಡಿಯುವ ಈ ಪದ್ಧತಿ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚುಗಳ ಪಾಠದಿಂದ ರೂಪುಗೊಂಡಿತು. ಅಲ್ಲಿ ಬೆಂಕಿಗಿಂತ ಹೆಚ್ಚಾಗಿ ತಂಡಗಳ ನಡುವಿನ ಗೊಂದಲವೇ ಕೆಲಸ ಕೆಡಿಸಿತ್ತು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಇದನ್ನು ಭಾರತದ ಆಡಳಿತಕ್ಕೆ ಹೊಂದಿಸಿ ಮಾರ್ಗಸೂಚಿ ಹೊರಡಿಸಿದೆ. ಒಬ್ಬರ ನೇರ ಉಸ್ತುವಾರಿಯಲ್ಲಿ ಐದು ಜನ ಇದ್ದರೆ ಚೆಂದ, ಮೂರಕ್ಕಿಂತ ಕಡಿಮೆ ಅಥವಾ ಏಳಕ್ಕಿಂತ ಹೆಚ್ಚು ಬೇಡ ಎಂಬುದು ಅದರ ಮುಖ್ಯ ಲೆಕ್ಕ. ಸಣ್ಣ ಬೆಂಕಿಯಲ್ಲೇ ಇದನ್ನು ಬಳಸಿ ರೂಢಿಸಿಕೊಳ್ಳದಿದ್ದರೆ ದೊಡ್ಡ ಬೆಂಕಿಯ ದಿನ ಅದು ಕಾಗದದಲ್ಲೇ ಉಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಒಳಗೆ ಹೋದವರ ಗಾಳಿಯ ಲೆಕ್ಕ ಹೊರಗೆ ಇರಲಿ

6.8 ಲೀಟರಿನ ಸಿಲಿಂಡರನ್ನು 300 ಬಾರ್‌ಗೆ ತುಂಬಿದರೆ ಸುಮಾರು 2,000 ಲೀಟರ್ ಗಾಳಿ ಸಿಗುತ್ತದೆ. ಸಾಧಾರಣ ಶ್ರಮದಲ್ಲಿ ನಿಮಿಷಕ್ಕೆ 40 ಲೀಟರಿನಂತೆ ಅದು ಐವತ್ತು ನಿಮಿಷ ಬಾಳಬಹುದು. ಆದರೆ ಹೊಗೆಯಲ್ಲಿ ಹೋಸ್ ಎಳೆಯುತ್ತ, ಚೀಲಗಳ ಮೇಲೆ ಹತ್ತುತ್ತ, ಭಯದಲ್ಲಿ ಏದುಸಿರು ಬಿಡುವವನು ನಿಮಿಷಕ್ಕೆ 60 ಲೀಟರಿಗೂ ಹೆಚ್ಚು ಎಳೆಯುತ್ತಾನೆ. ಆಗ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಸೀಟಿ ಕೂಗಿದ ಮೇಲೆ ಉಳಿಯುವುದು ಐದಾರು ನಿಮಿಷ. ಸೀಟಿ ಕೇಳಿದ ಮೇಲೆ ಹೊರಡುವವನು ತಡಮಾಡಿದ್ದಾನೆ ಎಂದೇ ಅರ್ಥ. ಒಳಹೋಗುವುದಕ್ಕೆ ಮೂರನೆಯ ಒಂದು ಪಾಲು, ಮರಳುವುದಕ್ಕೆ ಒಂದು ಪಾಲು, ಆಪತ್ತಿಗೆ ಒಂದು ಪಾಲು ಎಂದು ಹಂಚಿಕೊಳ್ಳುವ ಲೆಕ್ಕವನ್ನು ತಂಡಕ್ಕೆ ಕಲಿಸಿ.

ಬಾಗಿಲ ಬಳಿ ಒಬ್ಬರು ಹಲಗೆ ಹಿಡಿದು ನಿಲ್ಲಬೇಕು. ಅದರಲ್ಲಿ ಹೆಸರು, ಒಳಹೋದ ಸಮಯ, ಆಗಿನ ಒತ್ತಡ, ಹೋದ ದಿಕ್ಕು. ಶಾಲೆಯ ಸ್ಲೇಟೂ ಸೀಮೆಸುಣ್ಣವೂ ಸಾಕು. ಐದಾರು ನಿಮಿಷಕ್ಕೊಮ್ಮೆ ವಾಕಿಟಾಕಿಯಲ್ಲಿ ಕೇಳಬೇಕು. "ಸಾರ್, ನೂರೈವತ್ತು ಬಾರ್, ಇಬ್ಬರೂ ಜೊತೆಗಿದ್ದೀವಿ, ವಾಪಸ್ ಬರ್ತಿದ್ದೀವಿ" ಎಂಬ ಉತ್ತರ ಬಂದ ಮೇಲೆ ಅದನ್ನು ಬರೆದುಕೊಳ್ಳಬೇಕು. ಉತ್ತರ ಬರದಿದ್ದರೆ ಮತ್ತೆ ಮತ್ತೆ ಕೂಗುತ್ತ ಕಾಲ ಕಳೆಯದೆ ಹೊರಗೆ ಸಿದ್ಧವಾಗಿ ನಿಂತಿರುವ ಜೋಡಿಯನ್ನು ಕಳುಹಿಸಬೇಕು. ಇಬ್ಬರು ಒಳಗಿದ್ದರೆ ಇಬ್ಬರು ಪೂರ್ಣ ಸಜ್ಜಿನಲ್ಲಿ ಹೊರಗಿರಬೇಕು ಎಂಬ ಈ ನಿಯಮವನ್ನು ಅಮೆರಿಕದ ಕಾರ್ಮಿಕ ಸುರಕ್ಷತಾ ಕಾನೂನು 1998ರಿಂದ ಕಡ್ಡಾಯ ಮಾಡಿದೆ. ನಮ್ಮ ಠಾಣೆಗಳಲ್ಲಿ ಸಿಬ್ಬಂದಿಯ ಕೊರತೆ ಇರುವುದು ನಿಜ. ಆದರೆ ಹೊರಗೆ ಇಬ್ಬರನ್ನು ನಿಲ್ಲಿಸುವಷ್ಟು ಜನ ಇಲ್ಲದಿದ್ದಾಗ, ಜೀವ ಉಳಿಸುವ ಸಂದರ್ಭವನ್ನು ಬಿಟ್ಟು ಬೇರೆ ಯಾವ ಕಾರಣಕ್ಕೂ ಒಳಗೆ ಕಳುಹಿಸದಿರುವ ನಿರ್ಧಾರವನ್ನು ತೆಗೆದುಕೊಳ್ಳುವುದಕ್ಕೆ ಕೊರತೆ ಅಡ್ಡಿಯಾಗುವುದಿಲ್ಲ. ಗೋದಾಮಿನ ಜೋಳಕ್ಕಾಗಿ ಯಾರೂ ಸಾಯಬೇಕಾಗಿಲ್ಲ.

ಐದನೆಯ ಹೆಜ್ಜೆ: ಹಗೇವು, ಶೌಚಗುಂಡಿ, ಹಾಳುಬಾವಿ

ಈ ಭಾಗವನ್ನು ಆಂಬುಲೆನ್ಸ್ ಸಿಬ್ಬಂದಿಯೂ ಹಳ್ಳಿಯ ಯುವಕರೂ ಎರಡು ಸಲ ಓದಬೇಕೆಂದು ಕೋರುತ್ತೇನೆ. ನೆಲದೊಳಗಿನ ಹಗೇವಿನಲ್ಲಿ ಕಾಳು ತಿಂಗಳುಗಟ್ಟಲೆ ಉಸಿರಾಡಿ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ತುಂಬಿಸಿರುತ್ತದೆ. ಶೌಚಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ಹೆಚ್ಚಾದಂತೆ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ವಾಸನೆ ಹೋಯಿತೆಂದರೆ ಅಪಾಯ ಹೋಯಿತೆಂದು ತಿಳಿಯುವಂತಿಲ್ಲ. ಮೊದಲು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನನ್ನು ಎತ್ತಲು ಪಕ್ಕದ ಮನೆಯವನು ಇಳಿಯುತ್ತಾನೆ. ಇಂಥ ಘಟನೆಗಳಲ್ಲಿ ಸಾವಿನ ಸಂಖ್ಯೆ ಏರುವುದು ಹೀಗೆಯೇ.

ಕ್ರಮ ಇದು. ಮೊದಲು ಬಾಯಿಯ ಸುತ್ತ ಸೇರಿದ ಜನರನ್ನು ಹಿಂದಕ್ಕೆ ಕಳುಹಿಸಿ. ಅನಿಲ ಮಾಪಕವನ್ನು ಹಗ್ಗದಲ್ಲಿ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಅಳತೆ ಮಾಡಿ. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯಿದ್ದರೆ ಬಿ.ಎ. ಸೆಟ್ ಇಲ್ಲದೆ ಯಾರೂ ಇಳಿಯುವಂತಿಲ್ಲ. ಮಾಪಕ ಸುರಕ್ಷಿತ ಎಂದು ತೋರಿಸಿದರೂ, ಕುಸಿದವರನ್ನು ಎತ್ತುವ ಕೆಲಸಕ್ಕೆ ಸೆಟ್ ಹಾಕಿಕೊಂಡೇ ಇಳಿಯಿರಿ. ಗಾಳಿ ಊದುವ ಯಂತ್ರವನ್ನು ಚಾಲೂ ಮಾಡಿ ಅದರ ಕೊಳವೆಯನ್ನು ತಳದವರೆಗೆ ಬಿಡಿ. ಇಳಿಯುವವನಿಗೆ ಪೂರ್ಣ ದೇಹದ ಪಟ್ಟಿ, ಮುಕ್ಕಾಲಿ, ಮೇಲೆ ಹಗ್ಗ ಹಿಡಿಯುವವರು ಇರಬೇಕು. ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿ ಆಮ್ಲಜನಕದ ಕೊರತೆಯನ್ನು ಒಂದಿಷ್ಟು ತೋರಿಸಬಹುದು, ಆದರೆ ವಿಷಾನಿಲವನ್ನು ತೋರಿಸುವುದಿಲ್ಲ. ಶೌಚಗುಂಡಿಯಲ್ಲಿ ಮೀಥೇನ್ ಇದ್ದರೆ ಆ ದೀಪವೇ ಸಿಡಿತಕ್ಕೆ ಕಾರಣವಾಗುತ್ತದೆ. ಅನಿಲ ಮಾಪಕವಿಲ್ಲದ ಠಾಣೆ ನಿಮ್ಮದಾಗಿದ್ದರೆ ಮುಂದಿನ ಬೇಡಿಕೆ ಪತ್ರದ ಮೊದಲ ಸಾಲು ಅದೇ ಆಗಿರಲಿ.

ಆರನೆಯ ಹೆಜ್ಜೆ: ಹೆದ್ದಾರಿ

ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರದ ಮೂಲಕ ಹಾದುಹೋಗುತ್ತದೆ. 2020ರ ಆಗಸ್ಟ್‌ನಲ್ಲಿ ಹಿರಿಯೂರಿನ ಬಳಿ ರಾತ್ರಿ ಬಸ್ಸೊಂದು ಹೊತ್ತಿ ಉರಿದು ಪ್ರಯಾಣಿಕರು ಜೀವ ಕಳೆದುಕೊಂಡದ್ದು ಈ ಸೀಮೆಯವರಿಗೆ ಮರೆತಿಲ್ಲ. ಬಸ್ಸಿನ ಬೆಂಕಿ ಬಹಳ ವೇಗದ್ದು; ಸ್ಥಳಕ್ಕೆ ಹತ್ತಿರವಿರುವ ಡಾಬಾ, ಪೆಟ್ರೋಲ್ ಬಂಕ್, ಟೋಲ್ ಗೇಟುಗಳ ಜನರೇ ಅಲ್ಲಿ ಮೊದಲ ರಕ್ಷಕರು. ಗಾಜನ್ನು ಮಧ್ಯಕ್ಕೆ ಹೊಡೆಯದೆ ಮೂಲೆಗೆ ಹೊಡೆಯಬೇಕು, ತುರ್ತು ದ್ವಾರದ ಹಿಡಿಕೆ ಎಲ್ಲಿರುತ್ತದೆ ಎಂಬಷ್ಟನ್ನು ಅವರಿಗೆ ವರ್ಷಕ್ಕೊಮ್ಮೆ ತೋರಿಸಿಕೊಡುವುದು ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸಪ್ತಾಹದಲ್ಲಿ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಸರಕು ಹಡಗು ಸಿಡಿದು ಮಡಿದ ಅಗ್ನಿಶಾಮಕರ ನೆನಪಿನ ಸಪ್ತಾಹವದು. ಹಾರ ಹಾಕಿ ಕರಪತ್ರ ಹಂಚುವುದರೊಂದಿಗೆ ಮುಗಿಯಬಾರದು.

ಅಪಘಾತದ ಸ್ಥಳದಲ್ಲಿ ಹಿಂದಿನಿಂದ ಬರುವ ಲಾರಿಯೇ ಸಿಬ್ಬಂದಿಗೆ ದೊಡ್ಡ ಅಪಾಯ. ನಿಮ್ಮ ದೊಡ್ಡ ವಾಹನವನ್ನು ಘಟನೆಗಿಂತ ಹಿಂದೆ, ಬರುವ ವಾಹನಗಳ ಕಡೆಗೆ ಓರೆಯಾಗಿ, ಕೆಲಸ ಮಾಡುವವರಿಗೆ ತಡೆಗೋಡೆಯಾಗುವಂತೆ ನಿಲ್ಲಿಸಿ. ಆಂಬುಲೆನ್ಸು ಅದರ ಮುಂದೆ, ರಕ್ಷಣೆಯ ನೆರಳಿನಲ್ಲಿ ಇರಲಿ. ಹೊಳೆಯುವ ಜಾಕೆಟ್ಟಿಲ್ಲದೆ ಯಾರೂ ಇಳಿಯಬಾರದು. ಕೋನುಗಳನ್ನು ಬಹಳ ಹಿಂದಿನಿಂದಲೇ ಇಡುತ್ತ ಬನ್ನಿ.

ಟ್ಯಾಂಕರು ಉರುಳಿದ್ದರೆ ಹತ್ತಿರ ಹೋಗುವ ಮೊದಲು ಗಾಳಿಗೆ ಬೆನ್ನು ಮಾಡಿ ದುರ್ಬೀನಿನಲ್ಲಿ ಅದರ ಫಲಕವನ್ನು ಓದಿ. 1203 ಎಂದಿದ್ದರೆ ಪೆಟ್ರೋಲ್, 1075 ಎಂದಿದ್ದರೆ ಎಲ್‌ಪಿಜಿ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಚರಂಡಿ, ತಗ್ಗು, ಸೇತುವೆಯಡಿಗಳಲ್ಲಿ ಹರಿದು ನಿಲ್ಲುತ್ತದೆ. ಸೋರಿಕೆಯಷ್ಟೇ ಇದ್ದರೂ ಕನಿಷ್ಠ ನೂರು ಮೀಟರ್ ಸುತ್ತ ತೆರವು ಮಾಡಬೇಕು. ಟ್ಯಾಂಕಿಗೇ ಬೆಂಕಿ ತಗುಲಿದ್ದರೆ ಎಲ್ಲ ದಿಕ್ಕಿಗೂ 1,600 ಮೀಟರ್. ಇದು ಅತಿಯೆಂದು ತೋರುತ್ತದೆ. ಕಾದ ಟ್ಯಾಂಕು ಸಿಡಿದಾಗ ಅದರ ತುಂಡುಗಳು ಅಷ್ಟು ದೂರ ಹಾರಬಲ್ಲವು ಎಂಬುದನ್ನು ಜಗತ್ತಿನ ಹಲವು ದುರಂತಗಳು ತೋರಿಸಿವೆ.

ಬ್ಯಾಟರಿ ವಾಹನಗಳ ವಿಷಯದಲ್ಲಿ ಹಳೆಯ ಲೆಕ್ಕ ನಡೆಯುವುದಿಲ್ಲ. ಅವು ಆರಿದ ಮೇಲೂ ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳುತ್ತವೆ; ಸಾಕಷ್ಟು ನೀರಿನಿಂದ ಬಹಳ ಹೊತ್ತು ತಂಪು ಮಾಡಿ, ಬೇರೆ ವಾಹನ ಮತ್ತು ಕಟ್ಟಡಗಳಿಂದ ಹದಿನೈದು ಮೀಟರಾದರೂ ದೂರ ಎಳೆದು ಇಡಿ. ಆ ಹೊಗೆ ವಿಷ. ಬಯಲಿನಲ್ಲಿದ್ದರೂ ಬಿ.ಎ. ಸೆಟ್ ಹಾಕಿಕೊಳ್ಳಿ.

ಏಳನೆಯ ಹೆಜ್ಜೆ: ಅಗ್ನಿಶಾಮಕರೂ ಆಂಬುಲೆನ್ಸಿನವರೂ ಒಂದೇ ತಂಡ

ಕರ್ನಾಟಕದಲ್ಲಿ 108 ಸೇವೆ 2008ರಲ್ಲಿ ಆರಂಭವಾಯಿತು. ಬೆಂಕಿಗೆ 101, ಎಲ್ಲಕ್ಕೂ ಸೇರಿ 112. ಸಂಖ್ಯೆಗಳು ಬೇರೆಯಾದರೂ ಗಾಯಾಳು ಒಬ್ಬನೇ. ಎರಡೂ ತಂಡಗಳು ಮೂರು ತಿಂಗಳಿಗೊಮ್ಮೆಯಾದರೂ ಒಟ್ಟಿಗೆ ಅಣಕು ಕವಾಯತು ಮಾಡಬೇಕು. ಒಬ್ಬರು ಇನ್ನೊಬ್ಬರ ಸ್ಟ್ರೆಚರನ್ನು ಬಿಚ್ಚುವುದು, ಆಮ್ಲಜನಕ ಜೋಡಿಸುವುದು, ಹೆಸರು ಹಿಡಿದು ಕರೆಯುವುದು ಗೊತ್ತಿರುವಷ್ಟು ಪರಿಚಯ ಬೆಳೆಯಬೇಕು.

ಗಾಯಾಳುಗಳು ಬಹಳ ಇದ್ದಾಗ ಕೂಗುವವನ ಬಳಿಗೆ ಮೊದಲು ಹೋಗುವುದು ಮನುಷ್ಯಸ್ವಭಾವ. ಆದರೆ ಕೂಗುವವನು ಉಸಿರಾಡುತ್ತಿದ್ದಾನೆ. ನಡೆಯಬಲ್ಲವರನ್ನೆಲ್ಲ ಒಂದು ಬದಿಗೆ ಕರೆಯಿರಿ, ಅವರಿಗೆ ಹಸಿರು ಪಟ್ಟಿ. ಉಳಿದವರಲ್ಲಿ ಉಸಿರಿಲ್ಲದವರ ಗದ್ದ ಎತ್ತಿ ಉಸಿರ ದಾರಿ ತೆರೆಯಿರಿ. ಆಗಲೂ ಉಸಿರು ಬಾರದಿದ್ದರೆ ಕಪ್ಪು, ಬಂದರೆ ಕೆಂಪು. ಉಸಿರು ನಿಮಿಷಕ್ಕೆ ಮೂವತ್ತಕ್ಕಿಂತ ಹೆಚ್ಚಿದ್ದರೆ, ಮಣಿಕಟ್ಟಿನ ನಾಡಿ ಸಿಗದಿದ್ದರೆ, ಅಥವಾ "ಕೈ ಎತ್ತಿ" ಎಂಬ ಸರಳ ಮಾತನ್ನು ಪಾಲಿಸಲಾಗದಿದ್ದರೆ ಕೆಂಪು. ಉಳಿದವರು ಹಳದಿ. ಒಬ್ಬೊಬ್ಬರಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಧಾರಾಕಾರ ರಕ್ತವನ್ನು ಒತ್ತಿ ನಿಲ್ಲಿಸುವುದೊಂದೇ ಈ ಹಂತದ ಚಿಕಿತ್ಸೆ.

ಸುಟ್ಟಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಶಾಯಿ, ಅರಿಸಿನ, ಮಂಜುಗಡ್ಡೆ ಯಾವುದೂ ಬೇಡ. ಉಂಗುರ, ಬಳೆಗಳನ್ನು ಬಾವು ಬರುವ ಮೊದಲೇ ತೆಗೆಯಿರಿ. ಹೊಗೆ ಕುಡಿದವರ ಬೆರಳಿಗೆ ಆಕ್ಸಿಮೀಟರ್ ಹಾಕಿ ಶೇ 98 ತೋರಿಸಿತೆಂದು ಮನೆಗೆ ಕಳುಹಿಸಬೇಡಿ. ಆ ಯಂತ್ರಕ್ಕೆ ರಕ್ತದಲ್ಲಿರುವ ಆಮ್ಲಜನಕವೂ ಕಾರ್ಬನ್ ಮೊನಾಕ್ಸೈಡೂ ಒಂದೇ ಥರ ಕಾಣುತ್ತವೆ. ತಲೆನೋವು, ವಾಕರಿಕೆ, ಮಂಕು ಇದ್ದರೆ ಹೆಚ್ಚು ಹರಿವಿನ ಆಮ್ಲಜನಕ ಕೊಟ್ಟು ಚಿಗಟೇರಿ ಜಿಲ್ಲಾ ಆಸ್ಪತ್ರೆಯೋ ಹತ್ತಿರದ ಬೇರೆ ದೊಡ್ಡ ಆಸ್ಪತ್ರೆಯೋ, ಅಲ್ಲಿಗೆ ಸಾಗಿಸಿ. ಹೃದಯ ನಿಂತವರಿಗೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ಒತ್ತುವವರು ಎರಡು ನಿಮಿಷಕ್ಕೊಮ್ಮೆ ಬದಲಾಗಬೇಕು. ಅಗ್ನಿಶಾಮಕ ಸಿಬ್ಬಂದಿಯೂ ಇದನ್ನು ಕಲಿತಿದ್ದರೆ ಬದಲಾಯಿಸಿಕೊಳ್ಳಲು ಕೈಗಳಿಗೆ ಕೊರತೆಯಾಗದು.

ಗಾಯಾಳುವನ್ನು ಒಪ್ಪಿಸುವಾಗ ಹೇಗೆ ಆಯಿತು, ಎಲ್ಲಿ ಪೆಟ್ಟು, ಉಸಿರು–ನಾಡಿ ಹೇಗಿದೆ, ಏನು ಕೊಟ್ಟಿದ್ದೇವೆ, ಈ ನಾಲ್ಕನ್ನು ಇದೇ ಕ್ರಮದಲ್ಲಿ ಹೇಳಿ. ನೆರವಾದ ದಾರಿಹೋಕರಿಗೆ, ಹೆಸರು ಹೇಳುವಂತೆ ಅವರನ್ನು ಯಾರೂ ಒತ್ತಾಯಿಸುವಂತಿಲ್ಲ ಎಂದು ತಿಳಿಸಿ; 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ.

ಎಂಟನೆಯ ಹೆಜ್ಜೆ: ಬೆಂಕಿ ಆರಿದ ಮೇಲೆ

ಅಗ್ನಿಶಾಮಕ ವೃತ್ತಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ಕೆಲಸಗಳ ಮೊದಲ ಗುಂಪಿಗೆ ಸೇರಿಸಿತು. ಮಸಿ ಹಿಡಿದ ಸಮವಸ್ತ್ರವನ್ನು ಪದಕದಂತೆ ಕಾಣುವ ಅಭ್ಯಾಸ ಇನ್ನು ನಿಲ್ಲಬೇಕು. ಸ್ಥಳದಲ್ಲೇ ಬಟ್ಟೆ ಮೇಲಿನ ಮಸಿಯನ್ನು ನೀರಿನಿಂದ ತೊಳೆದು, ಮುಖ, ಕತ್ತು, ಕೈ ಒರೆಸಿಕೊಂಡು, ಸೂಟನ್ನು ಬೇರೆ ಚೀಲದಲ್ಲಿ ಕಟ್ಟಿ ತರಬೇಕು; ಅದನ್ನು ಮನೆಗೆ ಒಯ್ದು ಮಕ್ಕಳ ಬಟ್ಟೆಯೊಡನೆ ಒಗೆಯಬಾರದು. ಬೂದಿ ಕೆದಕುವಾಗಲೂ ಮುಖವಾಡ ಬೇಕು, ಏಕೆಂದರೆ ಜ್ವಾಲೆ ಇಲ್ಲದಿದ್ದರೂ ಅನಿಲ ಇರುತ್ತದೆ.

ಏಪ್ರಿಲ್–ಮೇ ಬಿಸಿಲಿನಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಅದು ಗಂಟೆಗಟ್ಟಲೆಯ ಕೆಲಸ. ಬಣವೆಯ ಮೇಲೆ ಯಾರನ್ನೂ ಹತ್ತಿಸಬೇಡಿ, ಒಳಗೆ ಉರಿದು ಟೊಳ್ಳಾಗಿರುತ್ತದೆ. ಎರಡು ಸಿಲಿಂಡರು ಮುಗಿಸಿದವನನ್ನು ಕಡ್ಡಾಯವಾಗಿ ನೆರಳಿಗೆ ಕೂರಿಸಿ, ನೀರು ಕೊಟ್ಟು, ಆಂಬುಲೆನ್ಸ್ ಸಿಬ್ಬಂದಿಯಿಂದ ನಾಡಿ, ರಕ್ತದೊತ್ತಡ ನೋಡಿಸಿ. ಕರ್ತವ್ಯದಲ್ಲಿ ಮಡಿಯುವ ಅಮೆರಿಕದ ಅಗ್ನಿಶಾಮಕರಲ್ಲಿ ಹಠಾತ್ ಹೃದಯಾಘಾತವೇ ಸಾವಿನ ಮುಖ್ಯ ಕಾರಣ. "ನನಗೇನೂ ಆಗಿಲ್ಲ ಸಾರ್" ಎಂಬ ಮಾತನ್ನು ವೈದ್ಯಕೀಯ ವರದಿಯೆಂದು ಒಪ್ಪಿಕೊಳ್ಳಬೇಡಿ.

ಮಗುವಿನ ಸಾವು ನೋಡಿ ಬಂದ ದಿನ ತಂಡವನ್ನು ಸುಮ್ಮನೆ ಮನೆಗೆ ಕಳುಹಿಸಬಾರದು. ಹದಿನೈದು ನಿಮಿಷ ಒಟ್ಟಿಗೆ ಕುಳಿತು ಏನಾಯಿತು, ಏನು ಸರಿಹೋಯಿತು, ಏನು ಸರಿಹೋಗಲಿಲ್ಲ ಎಂದು ಮಾತಾಡಿ. ತಪ್ಪು ಹುಡುಕುವ ಸಭೆ ಅದಾಗಬಾರದು. ವಾರಗಳಾದರೂ ನಿದ್ದೆ ಬಾರದವರಿಗೆ, ಕುಡಿತ ಹೆಚ್ಚಿದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಕೊಟ್ಟು, ಬೇಕಾದರೆ ಜೊತೆಗೆ ಕುಳಿತು ಕರೆ ಮಾಡಿಸಿ.

ಒಂಬತ್ತನೆಯ ಹೆಜ್ಜೆ: ಆಧುನೀಕರಣದ ಬೇಡಿಕೆಯನ್ನು ಬರೆಯುವ ಬಗೆ

ಅಗ್ನಿಶಾಮಕ ಸೇವೆ ರಾಜ್ಯದ ಹೊಣೆ. ನಮ್ಮಲ್ಲಿ ಅದಕ್ಕೆ 1964ರ ಕಾಯಿದೆಯಿದೆ. ಕೇಂದ್ರ ಸರ್ಕಾರ 2023ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣಕ್ಕೆ 5,000 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿತು. ಅದರಲ್ಲಿ ಕರ್ನಾಟಕದಂಥ ರಾಜ್ಯಗಳು ಯೋಜನಾ ವೆಚ್ಚದ ಶೇ 25ನ್ನು ತಾವೇ ಭರಿಸಬೇಕು. ಇಂಥ ಹಣ ಬಂದಾಗ ದೊಡ್ಡ ಏಣಿ ವಾಹನಗಳ ಕಡೆಗೆ ಕಣ್ಣು ಹೋಗುತ್ತದೆ. ಬೆಂಗಳೂರಿನ ಗಗನಚುಂಬಿಗಳಿಗೆ ಅವು ಬೇಕು. ನಮ್ಮ ಓಣಿ, ಗೋದಾಮು, ಬಾವಿ, ಹೆದ್ದಾರಿಗೆ ಬೇಕಾದ್ದು ಬೇರೆ.

ನಾನು ಸೂಚಿಸುವ ಕ್ರಮ: ಪ್ರತಿ ಕರ್ತವ್ಯನಿರತರಿಗೂ ಅವರ ಅಳತೆಯ ರಕ್ಷಣಾ ಉಡುಪು ಮತ್ತು ಬಿ.ಎ. ಸೆಟ್, ಪ್ರತಿ ಇಬ್ಬರಿಗೆ ಒಂದು ಕೆಲಸ ಮಾಡುವ ವಾಕಿಟಾಕಿ, ನಾಲ್ಕು ಅನಿಲಗಳ ಮಾಪಕ, ಓಣಿಗೆ ನುಗ್ಗುವ ಸಣ್ಣ ವಾಹನ, ಹೆಚ್ಚುವರಿ ನೀರಿನ ಟ್ಯಾಂಕರು, ಬ್ಯಾಟರಿ ಚಾಲಿತ ಕತ್ತರಿಸುವ ಮತ್ತು ಅಗಲಿಸುವ ಯಂತ್ರ, ಉಷ್ಣಚಿತ್ರಣ ಕ್ಯಾಮೆರಾ. ಹೊಗೆಯಲ್ಲಿ ಬಿದ್ದವರನ್ನೂ ಹತ್ತಿ ಅಂಡಿಗೆಯೊಳಗಿನ ಕನಲನ್ನೂ ತೋರಿಸುವ ಆ ಕ್ಯಾಮೆರಾ ಈ ಪಟ್ಟಿಯಲ್ಲಿ ಕೊನೆಯದಾದರೂ ದಾವಣಗೆರೆಗೆ ಹೇಳಿಮಾಡಿಸಿದ್ದು. ಡ್ರೋನ್ ಜೋಗಿಮಟ್ಟಿಯ ಕಾಡ್ಗಿಚ್ಚಿಗೆ ಉಪಯೋಗಕ್ಕೆ ಬರುತ್ತದೆ, ಅದನ್ನು ಅರಣ್ಯ ಇಲಾಖೆಯೊಡನೆ ಹಂಚಿಕೊಳ್ಳಬಹುದು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ದಾವಣಗೆರೆಯಲ್ಲಿ ಸಂಚಾರ ಕ್ಯಾಮೆರಾಗಳ ನೋಟ ಠಾಣೆಗೂ ಸಿಗುವಂತೆ ಕೇಳುವುದು ಹೆಚ್ಚು ಖರ್ಚಿಲ್ಲದ ಬೇಡಿಕೆ.

ಬೇಡಿಕೆ ಪತ್ರದಲ್ಲಿ ವಿಶೇಷಣಗಳಿಗಿಂತ ನಿಮ್ಮ ಠಾಣೆಯ ದಾಖಲೆಗಳು ಮಾತಾಡಲಿ. ಕರೆ ಬಂದ ಸಮಯ, ಹೊರಟ ಸಮಯ, ತಲುಪಿದ ಸಮಯ, ನೀರು ಮುಗಿದ ಸಮಯ, ಎರಡನೆಯ ವಾಹನ ಬಂದ ಸಮಯ, ಇಷ್ಟನ್ನು ಒಂದು ವರ್ಷ ಬರೆದಿಟ್ಟರೆ ಯಾವ ಹೋಬಳಿಗೆ ಉಪಠಾಣೆ ಬೇಕು, ಎಲ್ಲಿ ನೀರಿನ ತೊಟ್ಟಿ ಬೇಕು ಎಂಬುದು ತಾನೇ ಕಾಣುತ್ತದೆ. ನಗರದಲ್ಲಿ ಐದರಿಂದ ಏಳು ನಿಮಿಷ, ಗ್ರಾಮೀಣ ಭಾಗದಲ್ಲಿ ಇಪ್ಪತ್ತು ನಿಮಿಷದೊಳಗೆ ತಲುಪಬೇಕೆಂಬುದು ದೇಶದಲ್ಲಿ ಒಪ್ಪಿತವಾದ ಗುರಿ. ನಿಮ್ಮ ಅಂಕಿಗಳನ್ನು ಅದರ ಪಕ್ಕದಲ್ಲಿ ಇಡಿ. ಪ್ರತಿ ಉಪಕರಣದ ಎದುರು ಅದರ ವಾರ್ಷಿಕ ದುರಸ್ತಿಯ ವೆಚ್ಚ, ಅದನ್ನು ಬಳಸಲು ಯಾರಿಗೆ ಎಷ್ಟು ದಿನದ ತರಬೇತಿ ಬೇಕು, ಬೆಂಗಳೂರಿನ ಆರ್.ಎ. ಮುಂಡ್ಕೂರ್ ಅಕಾಡೆಮಿಗೋ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿಗೋ ಯಾರನ್ನು ಕಳುಹಿಸುತ್ತೀರಿ ಎಂಬುದನ್ನೂ ಬರೆಯಿರಿ. ಪತ್ರದ ಪ್ರತಿಯನ್ನು ಜಿಲ್ಲಾ ಅಗ್ನಿಶಾಮಕ ಅಧಿಕಾರಿಗಳಿಗೆ ಕಳುಹಿಸುವಾಗ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ಒಂದು ಪ್ರತಿ ಹೋಗಲಿ, ಮತ್ತು ಮುಂದಿನ ಸಭೆಯಲ್ಲಿ ಅದನ್ನು ಮಂಡಿಸುವ ದಿನಾಂಕವನ್ನು ಕೇಳಿ ಪಡೆಯಿರಿ.